ಕೆನೆಯೋ, ವಿಭೂತಿಯೋ? ಒಂದೇ ತರ ಕಾಣುವ ಎರಡು ಬಿಳಿಗಳ ನಡುವೆ

ಊಟದ ಮೇಜಿನ ಮೇಲೆ ಗೋಡೆ ಬಣ್ಣದ ಎರಡು ಶೇಡ್ ಚೀಟಿ ಇಟ್ಟುಕೊಂಡು ಕೂತಿದ್ದೆ. ಎರಡನ್ನೂ ಬಿಳಿ ಅನ್ನಬಹುದು, ಎರಡೂ ಪೂರ್ತಿ ಬಿಳಿ ಅಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿ, "ಎರಡೂ ಒಂದೇ ತಾನೇ? ಇದಕ್ಕಾ ಮೂರು ದಿನದಿಂದ ತಲೆ ಕೆಡಿಸಿಕೊಂಡು ಕೂತಿರೋದು?" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಮೇಜಿನ ಮೇಲೆ ಅವೆರಡೂ ಹೆಚ್ಚುಕಡಿಮೆ ಒಂದೇ. ಆದರೆ ಎಂಟು ವರ್ಷದ ಹಿಂದೆ ಇದೇ ತರದ ಎರಡು ಚೀಟಿಯಲ್ಲಿ ಒಂದನ್ನು ಅಂಗಡಿಯ ಟ್ಯೂಬ್‌ಲೈಟಿನಡಿ ನಿಂತು ಹತ್ತು ನಿಮಿಷದಲ್ಲಿ ಆರಿಸಿದ್ದೆ. ಮಲಗುವ ಕೋಣೆಗೆ ಹಚ್ಚಿ ಒಣಗಿದ ಮೇಲೆ ಅದು ತಿಳಿ ಗುಲಾಬಿಯಾಗಿ ಕೂತಿತು. ಬಂದವರೆಲ್ಲ "ಪಿಂಕ್ ಚೆನ್ನಾಗಿದೆ" ಅನ್ನುವಾಗ ನಾನು ಆರಿಸಿದ್ದು ಬಿಳಿ ಅಂತ ಹೇಳುವುದಕ್ಕೂ ನಾಚಿಕೆ.

ಈ ಸಲದ ಎರಡು ಬಣ್ಣಕ್ಕೆ ಕಾರ್ಡಿನಲ್ಲಿ ಉದ್ದುದ್ದ ಇಂಗ್ಲಿಷ್ ಹೆಸರುಗಳಿದ್ದವು. ಕಂಪನಿಯಿಂದ ಕಂಪನಿಗೆ ಹೆಸರೂ ಬೇರೆ, ಕೋಡೂ ಬೇರೆ. ನಮ್ಮ ಮನೆಯಲ್ಲಿ ಅವಕ್ಕೆ ನಾವೇ ಹೆಸರಿಟ್ಟೆವು. ಸ್ವಲ್ಪ ಹಳದಿಗೆ ತಿರುಗಿದ್ದು ಕೆನೆ. ಸ್ವಲ್ಪ ಬೂದಿಗೆ ತಿರುಗಿದ್ದು ವಿಭೂತಿ. ಯಾವ ಕಂಪನಿಯ ಶೇಡ್ ಕಾರ್ಡ್ ತೆಗೆದರೂ ಈ ಜೋಡಿ ಒಂದಲ್ಲ ಒಂದು ಹೆಸರಿನಲ್ಲಿ ಇದ್ದೇ ಇರುತ್ತದೆ. ಮನೆಗೆ ಬಣ್ಣ ಮಾಡಿಸುವವರಲ್ಲಿ ಬಹಳ ಜನ ಕೊನೆಗೆ ಬಂದು ನಿಲ್ಲುವುದೂ ಈ ಎರಡರ ಮಧ್ಯವೇ. ನೀಲಿಯೋ ಹಸಿರೋ ಅನ್ನುವ ಪ್ರಶ್ನೆ ಸುಲಭ, ಅದನ್ನು ಇಷ್ಟ ತೀರ್ಮಾನ ಮಾಡುತ್ತದೆ. ಈ ಬಿಳಿಯೋ ಆ ಬಿಳಿಯೋ ಅನ್ನುವುದನ್ನು ತೀರ್ಮಾನ ಮಾಡುವುದು ನಿಮ್ಮ ನೆಲ, ಕಿಟಕಿ ಮತ್ತು ಟ್ಯೂಬ್‌ಲೈಟು. ನನಗೆ ಇದು ಗೊತ್ತಾಗಲು ಒಂದು ಗುಲಾಬಿ ಕೋಣೆಯ ಖರ್ಚು ಹಿಡಿಯಿತು.

"ಇದು ಏನು ಹೊಡೆಯುತ್ತೆ?"

ನಮಗೆ ಈ ಸಲ ಸಿಕ್ಕಿದ ಮೇಸ್ತ್ರಿ ವಯಸ್ಸಾದವರು, ಸುಣ್ಣ ಹೊಡೆಯುವ ಕಾಲದಿಂದ ಕೆಲಸ ಮಾಡಿದವರು. ಚೀಟಿ ಕೊಟ್ಟ ತಕ್ಷಣ ಅವರು ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನಲಿಲ್ಲ. ಜೇಬಿನಿಂದ ಒಂದು ಬಿಲ್ ಪುಸ್ತಕ ತೆಗೆದು, ಖಾಲಿ ಹಾಳೆಯ ಮೇಲೆ ಚೀಟಿ ಇಟ್ಟು, "ನೋಡಮ್ಮಾ, ಇದು ಹಳದಿ ಹೊಡೆಯುತ್ತೆ. ಇದು ಬೂದಿ ಹೊಡೆಯುತ್ತೆ, ಅದರೊಳಗೆ ಒಂಚೂರು ನೀಲಿನೂ ಇದೆ" ಅಂದರು. ಒಳಾಂಗಣ ವಿನ್ಯಾಸದವರು ಅಂಡರ್‌ಟೋನ್ ಅಂತ ಹೇಳುವುದು ಇದನ್ನೇ. ಪೇಂಟರುಗಳ 'ಹೊಡೆಯುತ್ತೆ' ನನಗೆ ಹೆಚ್ಚು ಸರಿ ಅನಿಸುತ್ತದೆ, ಯಾಕೆಂದರೆ ಗೋಡೆಗೆ ಹಚ್ಚಿದ ಮೇಲೆ ಆ ಬಣ್ಣ ನಿಜಕ್ಕೂ ಎದ್ದು ಬಂದು ಕಣ್ಣಿಗೆ ಹೊಡೆಯುತ್ತದೆ.

ಹತ್ತಿರದ ಎರಡು ಬಣ್ಣಗಳನ್ನು ಹೋಲಿಸುವಾಗ ಮೊದಲು ಕೇಳಬೇಕಾದ್ದು ಈ ಒಂದೇ ಪ್ರಶ್ನೆ. ಬರಿಗಣ್ಣಿಗೆ ಗೊತ್ತಾಗದಿದ್ದರೆ ಎರಡು ದಾರಿ ಇವೆ. ಒಂದು, ಮೇಸ್ತ್ರಿ ಮಾಡಿದ್ದು: ಅಚ್ಚ ಬಿಳಿ ಹಾಳೆಯ ಮೇಲೆ ಎರಡೂ ಚೀಟಿ ಇಟ್ಟು ಹಗಲು ಬೆಳಕಿನಲ್ಲಿ ನೋಡುವುದು. ಒಂಟಿಯಾಗಿದ್ದಾಗ ಬಿಳಿ ಅನಿಸಿದ್ದು ಹಾಳೆಯ ಪಕ್ಕ ಬಂದ ಕೂಡಲೇ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಎರಡನೆಯದು ಇನ್ನೂ ಸುಲಭ. ಶೇಡ್ ಪುಸ್ತಕದಲ್ಲಿ ಒಂದೇ ಪಟ್ಟಿಯಲ್ಲಿ ಏಳೆಂಟು ಬಣ್ಣ ತಿಳಿಯಿಂದ ಗಾಢಕ್ಕೆ ಇಳಿದಿರುತ್ತವಲ್ಲ, ನಿಮ್ಮ ಬಿಳಿ ಇರುವ ಪಟ್ಟಿಯ ಅತ್ಯಂತ ಗಾಢ ಬಣ್ಣ ನೋಡಿ. ಸಾಮಾನ್ಯವಾಗಿ ಅದೇ ಬಣ್ಣದ ತಿಳಿ ರೂಪ ನಿಮ್ಮ ಬಿಳಿ. ನಾನು ಹಿಂದೆ ಆರಿಸಿದ್ದ ಬಿಳಿಯ ಪಟ್ಟಿಯ ತಳದಲ್ಲಿ ಹಣ್ಣಾದ ಸೀಬೆಯ ತಿರುಳಿನಂಥ ಗುಲಾಬಿ ಇತ್ತು. ಅವತ್ತು ಬೆರಳು ಕೆಳಗಿಳಿಸಿ ನೋಡಿದ್ದರೆ ಸಾಕಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಹಿರಿಯರಿಗೆ ಕೆನೆ ಬಣ್ಣ ತೋರಿಸಿದರೆ ಸಾಮಾನ್ಯವಾಗಿ "ಮಾಸಿದ ಹಾಗಿದೆ" ಅನ್ನುತ್ತಾರೆ. ಅದು ಬರೀ ರುಚಿಯ ಮಾತಲ್ಲ. ಯುಗಾದಿಗೆ ಸುಣ್ಣ ಬಳಿಯುವಾಗ ಸುಣ್ಣದ ನೀರಿಗೆ ಚಿಟಿಕೆ ನೀಲಿ ಬೆರೆಸುತ್ತಿದ್ದರು, ಪಂಚೆಗೆ ಹಾಕುವ ಹಾಗೆಯೇ. ಒಂಚೂರು ನೀಲಿ ಸೇರಿದರೆ ಬಿಳಿಯೊಳಗಿನ ಹಳದಿ ಅಡಗಿ, ಇನ್ನೂ ಬೆಳ್ಳಗೆ ಕಾಣುತ್ತದೆ. ಆ ಗೋಡೆಗಳ ನಡುವೆ ಬೆಳೆದ ಕಣ್ಣಿಗೆ ಶುಭ್ರ ಅಂದರೆ ನೀಲಿ ಹೊಡೆಯುವ ಬಿಳಿ. ಅತ್ತೆಯೂ ಕೊನೆಗೆ ಒತ್ತಾಯಕ್ಕೆ ಬೆರಳಿಟ್ಟಿದ್ದು ವಿಭೂತಿಯ ಮೇಲೆ. ಮನೆಯಲ್ಲಿ ಎರಡು ತಲೆಮಾರಿದ್ದರೆ ಈ ಜಗಳ ಬಂದೇ ಬರುತ್ತದೆ, ಮೊದಲೇ ಗೊತ್ತಿದ್ದರೆ ಒಳ್ಳೆಯದು.

ನಿಮ್ಮ ಗೋಡೆಗೆ ಏನು ಬೀಳುತ್ತದೆ

ಬಿಳಿಗೆ ಸ್ವಂತ ಹಟ ಕಡಿಮೆ. ಮೇಲೆ ಬಿದ್ದ ಬೆಳಕಿನ ಬಣ್ಣವನ್ನೆಲ್ಲ ಹಿಂದಕ್ಕೆ ಕಳಿಸುತ್ತದೆ. ಆದ್ದರಿಂದ ಚೀಟಿಯನ್ನು ಬಿಟ್ಟು ಕೋಣೆಯನ್ನು ನೋಡಬೇಕು. ಅಲ್ಲಿ ಮೊದಲು ನೆಲ.

ನಮ್ಮದು ಮೈಸೂರಿನ ಹಳೆಯ ಮನೆ. ಹಜಾರಕ್ಕೆ ಕೆಂಪು ರೆಡಾಕ್ಸೈಡ್ ನೆಲ, ಅರವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಾಗಿರುವಂಥದ್ದು. ಬಾಗಿಲು ಪೂರ್ವಕ್ಕೆ. ಬೆಳಿಗ್ಗೆ ಬಿಸಿಲು ನೆಲಕ್ಕೆ ಬಿದ್ದು ಗೋಡೆಗೆ ಚಿಮ್ಮುವಾಗ ಕೆಂಪನ್ನೂ ಹೊತ್ತುಕೊಂಡೇ ಹೋಗುತ್ತದೆ. ಕೆನೆ ಹಚ್ಚಿದ ಪರೀಕ್ಷೆಯ ಹಲಗೆಯನ್ನು ಅಲ್ಲಿ ನಿಲ್ಲಿಸಿದೆವು. ನೆಲಕ್ಕೆ ಹತ್ತಿರದ ಭಾಗದಲ್ಲಿ ಅದು ಸಲೀಸಾಗಿ ಪೀಚ್ ಹಣ್ಣಿನ ಬಣ್ಣಕ್ಕೆ ತಿರುಗಿತು, ಮೇಲೆ ಮಾತ್ರ ಕೆನೆಯಾಗಿಯೇ ಉಳಿಯಿತು. ಒಂದೇ ಗೋಡೆಗೆ ಎರಡು ಬಣ್ಣ ಹಚ್ಚಿದ ಹಾಗೆ. ಅದೇ ಜಾಗಕ್ಕೆ ವಿಭೂತಿ ಇಟ್ಟರೆ, ಅದರೊಳಗಿನ ತಣ್ಣನೆಯ ಬೂದಿ ಮತ್ತು ನೆಲದ ಕೆಂಪು ಒಂದನ್ನೊಂದು ತಿಂದುಹಾಕಿ ಸಾದಾ ಬಿಳಿ ಕಂಡಿತು. ಚೀಟಿಯಲ್ಲಿ ಮಂಕಾಗಿದ್ದದ್ದು ಗೋಡೆಯಲ್ಲಿ ಬೆಳ್ಳಗೆ, ಚೀಟಿಯಲ್ಲಿ ಬೆಳ್ಳಗಿದ್ದದ್ದು ಗೋಡೆಯಲ್ಲಿ ಕಿತ್ತಳೆ. ಅಂಗಡಿಯಲ್ಲಿ ನಿಂತು ಇದನ್ನು ಊಹಿಸುವುದು ಸಾಧ್ಯವೇ ಇರಲಿಲ್ಲ.

ಅಲ್ಲಿಂದ ನನಗೆ ಸಿಕ್ಕ ಲೆಕ್ಕ ಇಷ್ಟೇ. ಕೋಣೆಯಲ್ಲಿ ಮೊದಲೇ ಇರುವ ಬಣ್ಣಕ್ಕೆ ಎದುರಾಗಿ ಹೊಡೆಯುವ ಬಿಳಿ ಆರಿಸಿದರೆ ಗೋಡೆ ಸಾದಾ ಕಾಣುತ್ತದೆ. ಅದರ ಕಡೆಗೇ ಹೊಡೆಯುವುದನ್ನು ಆರಿಸಿದರೆ ಇರುವ ಬಣ್ಣ ಇಮ್ಮಡಿಯಾಗುತ್ತದೆ. ಎರಡನೆಯದು ತಪ್ಪೆಂದಲ್ಲ. ಹೆಂಚಿನ ಮನೆಯ ಕೆಂಪು ಬಿಸಿಲು ಗೋಡೆಗೂ ಹತ್ತಲಿ ಅನ್ನುವವರಿದ್ದಾರೆ, ಅವರು ಕೆನೆಯನ್ನೇ ಹಚ್ಚಲಿ. ಗೊತ್ತಿದ್ದು ಮಾಡಬೇಕು, ಅಷ್ಟೆ.

ಈಗಿನ ಫ್ಲಾಟುಗಳಲ್ಲಿ ನೆಲ ಎಂದರೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್. ಐವರಿ ಅಂತ ಮಾರುವ ಟೈಲ್ಸಿನಲ್ಲಿ ಎಷ್ಟೋ ತಿಳಿ ಹಳದಿ ಹೊಡೆಯುತ್ತವೆ, ಕೆಲವು ಗುಲಾಬಿ. ಹಳದಿ ಟೈಲ್ಸಿಗೆ ಕೆನೆ ಗೋಡೆ ಸೇರಿದರೆ ಇಡೀ ಮನೆ ಹಾಲು ಒಡೆದಂತಾಗುವ ಅಪಾಯವಿದೆ. ಅಲ್ಲಿ ವಿಭೂತಿ ಸ್ವಲ್ಪ ಉಸಿರಾಡಲು ಜಾಗ ಕೊಡುತ್ತದೆ. ಬೂದು ಗ್ರಾನೈಟ್ ನೆಲವಾದರೆ ಇದೇ ಮಾತು ತಿರುಗುಮುರುಗು: ವಿಭೂತಿ ಸೇರಿದರೆ ಕೋಣೆ ಆಫೀಸಿನಂತೆ ಕಾಣುತ್ತದೆ, ಕೆನೆ ಬೇಕು. ತೇಗದ ಬಾಗಿಲು ಚೌಕಟ್ಟು ಪಾಲಿಶ್ ಮಾಡಿ ಕಂದು-ಕಿತ್ತಳೆಯಾಗಿದ್ದರೆ ಅದರ ಪಕ್ಕದ ಬೂದಿ ಇನ್ನಷ್ಟು ನೀಲಿಯಾಗಿ ಕಾಣುತ್ತದೆ. ಇದು ಬೆಳಕಿನಾಟವಲ್ಲ, ಕಣ್ಣಿನಾಟ. ಪ್ಯಾರಿಸಿನ ಗೋಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ 1824ರಿಂದ ಬಣ್ಣಗಾರಿಕೆಯ ಉಸ್ತುವಾರಿ ವಹಿಸಿದ್ದ ರಸಾಯನಶಾಸ್ತ್ರಜ್ಞ ಷೆವ್ರೂಲ್ ಎದುರು ನೇಕಾರರು ಕಪ್ಪು ದಾರಕ್ಕೆ ಬಣ್ಣ ಸರಿಯಾಗಿ ಹಿಡಿದಿಲ್ಲವೆಂದು ದೂರು ತಂದಿದ್ದರು. ಆತ ಪರೀಕ್ಷಿಸಿ ನೋಡಿದರೆ ದಾರದಲ್ಲಿ ದೋಷವೇ ಇರಲಿಲ್ಲ, ಪಕ್ಕದಲ್ಲಿ ನೇಯ್ದಿದ್ದ ಬಣ್ಣ ಕಪ್ಪನ್ನು ಮಂಕು ಮಾಡಿತ್ತು. ನಮ್ಮಲ್ಲಿ ಆ ಪಕ್ಕದ ಬಣ್ಣ ಹೆಚ್ಚಾಗಿ ಸೀಲಿಂಗ್. ಸೀಲಿಂಗಿಗೆ ಕಣ್ಣು ಕುಕ್ಕುವ ಬಿಳಿ ಹೊಡೆಸಿ ಗೋಡೆಗೆ ಕೆನೆ ಹಚ್ಚಿದರೆ, ಎಷ್ಟೇ ಒಳ್ಳೆಯ ಕೆನೆಯಾದರೂ ಹಳೇ ಪೇಪರಿನಂತೆ ಕಾಣುತ್ತದೆ. ಕೆನೆ ಬೇಕೆಂದಿದ್ದರೆ ಸೀಲಿಂಗಿಗೂ ಅದನ್ನೇ, ಟಿಂಟನ್ನು, ಅಂದರೆ ಬಿಳಿಗೆ ಬೆರೆಸುವ ಬಣ್ಣವನ್ನು, ಅರ್ಧ ಮಾಡಿಸಿ ಹಚ್ಚಿಸಿ. ಟಿಂಟಿಂಗ್ ಮಷೀನಿನ ಹುಡುಗನಿಗೆ ಹೇಳಿದರೆ ಅರ್ಧಕ್ಕೆ ಇಳಿಸಿ ಕೊಡುತ್ತಾನೆ.

ಕರಾವಳಿ, ಮಲೆನಾಡಿನವರಿಗೆ ಕಿಟಕಿಯಾಚೆಯೇ ಇನ್ನೊಂದು ಗೋಡೆ ಇದೆ, ಹಸಿರು ಗೋಡೆ. ತೋಟಕ್ಕೆ ತೆರೆದ ಕೋಣೆಯೊಳಗೆ ಬರುವ ಬೆಳಕು ಎಲೆಗಳನ್ನು ಸೋಕಿಕೊಂಡೇ ಬಂದಿರುತ್ತದೆ. ಅಲ್ಲಿ ವಿಭೂತಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಜುಲೈ ತಿಂಗಳ ಮಳೆಯಲ್ಲಿ ಹಸಿರು ಹೊಡೆದ ಬೂದು ಗೋಡೆ ನೋಡಿದರೆ ಪಾಚಿ ಕಟ್ಟಿತೇನೋ ಎಂದು ಕೈಯಿಟ್ಟು ನೋಡಬೇಕಾಗುತ್ತದೆ. ಹಳದಿ ಕೆನೆಯೂ ಅಲ್ಲಿ ತುಸು ನಿಂಬೆಗೆ ತಿರುಗುತ್ತದೆ. ಒಂಚೂರು ಕೆಂಪು ಬೆರೆತ ಕೆನೆ ಸಿಕ್ಕರೆ ಒಳ್ಳೆಯದು, ಹಸಿರನ್ನು ಅದು ತಡೆಯುತ್ತದೆ. ನನ್ನ ಗುಲಾಬಿ ಕೋಣೆಯ ಬಣ್ಣ ತೀರ್ಥಹಳ್ಳಿಯ ಕಡೆಯ ಯಾವುದಾದರೂ ತೋಟದ ಮನೆಯಲ್ಲಿದ್ದಿದ್ದರೆ ಬಿಳಿಯಾಗಿಯೇ ಇರುತ್ತಿತ್ತೇನೋ.

ಉತ್ತರದ ಕಿಟಕಿ, ಇಲ್ಲಿಯದು ಮತ್ತು ಅಲ್ಲಿಯದು

ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕ, ಇಂಗ್ಲೆಂಡಿನವರು ಬರೆದದ್ದು. ಉತ್ತರದ ಕೋಣೆಗೆ ಬಿಸಿಲೇ ಬರುವುದಿಲ್ಲ, ಬೆಳಕು ತಣ್ಣಗೆ ನೀಲಿ, ಆದ್ದರಿಂದ ಬೆಚ್ಚನೆಯ ಬಣ್ಣ ಹಚ್ಚಿ ಅನ್ನುತ್ತಾರೆ. ಅವರ ಊರಿಗೆ ಅದು ಹೆಚ್ಚುಕಡಿಮೆ ಸರಿ. ಅಮೆರಿಕದ ನ್ಯೂಜೆರ್ಸಿ ಇರುವುದು 40 ಡಿಗ್ರಿ ಅಕ್ಷಾಂಶದಲ್ಲಿ, ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ವಾಲಿರುತ್ತಾನೆ. ಮೈಸೂರು, ಬೆಂಗಳೂರು ಇರುವುದು 12-13 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಗೆ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಆ ದಿನ ಮಕ್ಕಳನ್ನು ಅಂಗಳಕ್ಕೆ ಕರೆದು ನೆರಳಿಲ್ಲದ ಕೋಲು ತೋರಿಸುತ್ತಾರಲ್ಲ, ಅದೇ. ಅಲ್ಲಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ಇರುತ್ತಾನೆ. ಸಜ್ಜಾ ಇರುವುದರಿಂದ ನಡುಹಗಲಲ್ಲಿ ಒಳಗೆ ಬರುವುದಿಲ್ಲ, ಬೆಳಿಗ್ಗೆ ಸಂಜೆ ಓರೆಯಾಗಿ ಉತ್ತರದ ಕಿಟಕಿಯಿಂದಲೂ ಬಿಸಿಲು ನುಗ್ಗುತ್ತದೆ. ಡಿಸೆಂಬರಿನಲ್ಲಿ ಅದೇ ಕೋಣೆ ಪೂರ್ತಿ ತಣ್ಣಗೆ, ಆಕಾಶದ ನೀಲಿ ಮಾತ್ರ.

ಅಂದರೆ ನಮ್ಮ ಉತ್ತರದ ಕೋಣೆ ವರ್ಷಕ್ಕೆ ಎರಡು ಮುಖದ್ದು. ನೀವು ಬಣ್ಣ ಪರೀಕ್ಷೆ ಮಾಡುತ್ತಿರುವುದು ಮೇ ತಿಂಗಳಲ್ಲೋ ದಸರಾ ಮುಂಚೆಯೋ ಅನ್ನುವುದು ಮುಖ್ಯವಾಗುತ್ತದೆ. ಮೇನಲ್ಲಿ ವಿಭೂತಿ ಹಿತವಾಗಿ ಕಂಡರೆ ಡಿಸೆಂಬರಿನ ಬೆಳಿಗ್ಗೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ನಮ್ಮ ಉತ್ತರದ ಮಲಗುವ ಕೋಣೆಗೆ ಇದೇ ಕಾರಣಕ್ಕೆ ನಾನು ಕೆನೆಯ ಪರ ವಾಲಿದೆ.

ನ್ಯೂಜೆರ್ಸಿಯ ಮಾತು ಸುಮ್ಮನೆ ಬಂದದ್ದಲ್ಲ. ತಮ್ಮ ಅಲ್ಲಿ ಮನೆ ಕೊಂಡಿದ್ದಾನೆ, ಅವನದ್ದೂ ಇದೇ ಗೋಳು. ಅವನಿಗೆ ಶೆರ್ವಿನ್ ವಿಲಿಯಮ್ಸ್ ಅನ್ನುವ ಅಲ್ಲಿನ ಪೇಂಟ್ ಕಂಪನಿಯ ಎರಡು ಬೂದು ಬಣ್ಣ: ಅಗ್ರೀಯಬಲ್ ಗ್ರೇ ಮತ್ತು ರಿಪೋಸ್ ಗ್ರೇ. ಅಲ್ಲಿನ ಚೀಟಿಯಲ್ಲಿ ಎಲ್‌ಆರ್‌ವಿ ಅನ್ನುವ ಅಂಕಿ ಇರುತ್ತದೆ. ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಹಿಂದಿರುಗಿಸುತ್ತದೆ ಅನ್ನುವ ಅಳತೆ ಅದು, ಅಚ್ಚ ಕಪ್ಪಿಗೆ 0, ಅಚ್ಚ ಬಿಳಿಗೆ 100. ಅಗ್ರೀಯಬಲ್ ಗ್ರೇ 60, ರಿಪೋಸ್ ಗ್ರೇ 58. ತಮ್ಮ ಆ ಎರಡು ಅಂಕದ ಮೇಲೆ ಒಂದು ವಾರ ಯೋಚಿಸಿದ್ದ. ಎರಡು ಅಂಕದ ವ್ಯತ್ಯಾಸ ಗೋಡೆಯ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಳುವುದು ಮತ್ತದೇ, ಏನು ಹೊಡೆಯುತ್ತೆ ಅನ್ನುವುದು. ಮೊದಲನೆಯದು ಮರಳಿನ ಕಡೆ ತಿರುಗಿದ ಬೂದು. ಎರಡನೆಯದು ಅದಕ್ಕಿಂತ ತಣ್ಣನೆಯದು, ಉತ್ತರದ ಬೆಳಕಿನಲ್ಲಿ ಸ್ವಲ್ಪ ನೇರಳೆ ಹೊಡೆಯುವ ಸ್ವಭಾವದ್ದು. ಅವನ ಹಾಲ್ ಉತ್ತರಕ್ಕಿತ್ತು, ಮೊದಲನೆಯದನ್ನು ಹಚ್ಚು ಅಂದೆ. ಎಲ್‌ಆರ್‌ವಿ ಉಪಯೋಗಕ್ಕೆ ಬರುವುದು ವ್ಯತ್ಯಾಸ ಹತ್ತು ಅಂಕ ದಾಟಿದಾಗ, ಅದರಲ್ಲೂ ಒಂದೇ ಕಿಟಕಿಯ ಕತ್ತಲ ಕೋಣೆಗೆ ಬಣ್ಣ ಹುಡುಕುವಾಗ. ಅಷ್ಟು ಬಿಟ್ಟರೆ ಹತ್ತಿರದ ಬಣ್ಣಗಳ ಜಗಳವನ್ನು ಅದು ಬಗೆಹರಿಸುವುದಿಲ್ಲ.

ರಾತ್ರಿ ಎಂಟು ಗಂಟೆ

ಹಗಲಿನ ಬೆಳಕಿನ ಬಗ್ಗೆ ಇಷ್ಟು ಬರೆದೆ, ಆದರೆ ಕೆಲಸಕ್ಕೆ ಹೋಗುವವರು ತಮ್ಮ ಹಾಲ್ ಗೋಡೆಯನ್ನು ನೋಡುವುದು ಸಂಜೆ ಏಳರ ಮೇಲೆ. ಅಲ್ಲಿ ರಾಜ್ಯಭಾರ ಬಲ್ಬಿನದ್ದು. ನಮ್ಮಲ್ಲಿ ಕೂಲ್ ಡೇಲೈಟ್ ಅಂತ ಮಾರುವ ಎಲ್‌ಇಡಿ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ ಅದು), ನೀಲಿ ಹೊಡೆಯುವ ಬೆಳಕು. ವಾರ್ಮ್ ವೈಟ್ ಅಂದರೆ 2700ರಿಂದ 3000, ಹಳೇ ಗುಂಡು ಬಲ್ಬಿನ ಹಳದಿ. ನಡುವಿನದು 4000. ಪೆಟ್ಟಿಗೆಯ ಮೇಲೆ ಅಂಕಿ ಬರೆದಿರುತ್ತದೆ.

6500ರ ಅಡಿಯಲ್ಲಿ ವಿಭೂತಿ ನೀಲಿಗೆ ಓಡುತ್ತದೆ, ಮುಖಗಳೂ ಬಾಡಿದಂತೆ ಕಾಣುತ್ತವೆ, ಆಸ್ಪತ್ರೆಯ ವಾರ್ಡಿನ ನೆನಪು ಬರುತ್ತದೆ. ಕೆನೆ ಅದೇ ಬೆಳಕಿನಲ್ಲಿ ತನ್ನ ಹಳದಿಯನ್ನು ಕಳೆದುಕೊಂಡು ಒಳ್ಳೆಯ ಬಿಳಿಯಾಗುತ್ತದೆ. 3000ದ ಅಡಿಯಲ್ಲಿ ಇದರ ಉಲ್ಟಾ: ಕೆನೆ ಬೆಣ್ಣೆಯಾಗುತ್ತದೆ, ವಿಭೂತಿ ಸಮಾಧಾನವಾಗಿ ಬೆಚ್ಚಗಾಗುತ್ತದೆ. ಹಾಗಾಗಿ ಬಲ್ಬ್ ಬದಲಾಯಿಸುವ ಯೋಚನೆ ಇದ್ದರೆ ಮೊದಲು ಬಲ್ಬ್, ಆಮೇಲೆ ಬಣ್ಣ. ನಮ್ಮ ಅಪ್ಪನ ಕಾಲದಿಂದ ಬಂದ ಟ್ಯೂಬ್‌ಲೈಟ್ ಮೋಹವನ್ನು ಬಿಡಿಸುವುದು ಕಷ್ಟ ಅಂತ ನನಗೂ ಗೊತ್ತು. ಬಿಡಿಸಲಾಗದ ಮನೆಗಳಿಗೆ ಕೆನೆಯೇ ದಾರಿ.

ಇನ್ನೊಂದು ಕಾಟ ಇದೆ. ಒಂದು ಕಂಪನಿಯ ಚೀಟಿ ತೋರಿಸಿ ಇನ್ನೊಂದು ಕಂಪನಿಯ ಡಬ್ಬದಲ್ಲಿ ಅದೇ ಬಣ್ಣ ಮಾಡಿಸುತ್ತೇವಲ್ಲ, ಅಲ್ಲಿ ಬೆರೆಸುವ ಬಣ್ಣದ್ರವ್ಯಗಳೇ ಬೇರೆಯಾಗಿರುತ್ತವೆ. ಅಂಗಡಿಯ ಬೆಳಕಿನಲ್ಲಿ ಎರಡೂ ತಾಳೆಯಾಗಿ, ಮನೆಯ ಬಲ್ಬಿನಡಿ ಬೇರೆಯಾಗಬಹುದು. ಸೀರೆಗೆ ಬ್ಲೌಸ್ ಪೀಸ್ ಆರಿಸುವಾಗ ಅಂಗಡಿಯ ಬಾಗಿಲಿಗೆ ಬಂದು ಬಿಸಿಲಲ್ಲಿ ಹಿಡಿದು ನೋಡುವವರಿಗೆ ಇದನ್ನು ವಿವರಿಸಬೇಕಿಲ್ಲ.

ಹಲಗೆಯ ಪರೀಕ್ಷೆ

ಚೀಟಿ ನೋಡಿ ತೀರ್ಮಾನ ಮಾಡಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಗಾತ್ರ. ಎರಡು ಬೆರಳಿನಗಲದ ಚೀಟಿಯಲ್ಲಿ ಇದೆಯೋ ಇಲ್ಲವೋ ಅನ್ನುವ ಬಣ್ಣ, ನಾಲ್ಕು ಗೋಡೆಗೆ ಹರಡಿದಾಗ ಗಾಢವಾಗಿ ಕಾಣುತ್ತದೆ. ಎದುರುಬದುರು ಗೋಡೆಗಳು ಒಂದರ ಬಣ್ಣ ಇನ್ನೊಂದಕ್ಕೆ ಎರಚಾಡುವುದರಿಂದ ಮೂಲೆಗಳಲ್ಲಂತೂ ಇನ್ನೂ ಹೆಚ್ಚು. ನಿಮಗಿಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದ ಬಣ್ಣ ಹಿಡಿಯಿರಿ ಎಂದು ಹಳೇ ಪೇಂಟರುಗಳು ಹೇಳುವುದು ಇದಕ್ಕೇ.

ನಾವು ಮಾಡಿದ್ದು ಹೀಗೆ. ಎರಡಡಿ ಚೌಕದ ಹಾರ್ಡ್‌ಬೋರ್ಡ್ ತುಂಡು, ಬಣ್ಣಕ್ಕೆ ಎರಡರಂತೆ ನಾಲ್ಕು. ಮೊದಲು ಒಂದು ಕೋಟ್ ಪ್ರೈಮರ್, ಇಲ್ಲದಿದ್ದರೆ ಹಲಗೆ ಬಣ್ಣ ಕುಡಿದು ಮಂಕಾಗುತ್ತದೆ. ಆಮೇಲೆ ನಾಲ್ಕು ಗಂಟೆ ಬಿಟ್ಟು ಬಿಟ್ಟು ಎರಡು ಕೋಟ್ ಎಮಲ್ಷನ್, ಗೋಡೆಗೆ ಹಚ್ಚುವ ಅದೇ ರೋಲರಿನಲ್ಲಿ. ಮ್ಯಾಟ್ ಹಚ್ಚುವುದಾದರೆ ಮ್ಯಾಟಿನಲ್ಲೇ ಸ್ಯಾಂಪಲ್ ತೆಗೆಯಿರಿ. ಒಂದೇ ಕೋಡನ್ನು ಹೊಳಪಿನ ಎಮಲ್ಷನ್ನಿನಲ್ಲಿ ಮಾಡಿಸಿದರೆ ಬೇರೆಯೇ ಗಾಢತೆ ಬರುತ್ತದೆ. ಹಸಿಯಾಗಿದ್ದಾಗ ನೋಡಿ ಗಾಬರಿಯಾಗಬೇಡಿ, ಎಮಲ್ಷನ್ ಹಸಿಯಲ್ಲಿ ಹಾಲು ಬೆರೆಸಿದ ಹಾಗೆ ತಿಳಿಯಾಗಿದ್ದು ಒಣಗಿದ ಮೇಲೆ ಒಂದು ಮೆಟ್ಟಿಲು ಗಾಢವಾಗುತ್ತದೆ. ಒಂದು ರಾತ್ರಿ ಕಳೆಯಲಿ.

ಹಲಗೆಯೇ ಯಾಕೆ, ನೇರ ಗೋಡೆಗೇ ಎರಡು ಪಟ್ಟೆ ಎಳೆದರಾಗದೇ ಅಂದರೆ, ಆಗುತ್ತದೆ, ಆದರೆ ಹಳೇ ಗೋಡೆಯ ಬಣ್ಣ ಕಣ್ಣನ್ನು ಮೋಸಗೊಳಿಸುತ್ತದೆ. ನಮ್ಮ ಹಜಾರದಲ್ಲಿ ಮೊದಲಿದ್ದದ್ದು ತಿಳಿ ಹಸಿರು ಡಿಸ್ಟೆಂಪರ್. ಅದರ ಮೇಲೆ ಎಳೆದ ವಿಭೂತಿ ಪಟ್ಟೆ ನೇರಳೆಯಾಗಿ ಕಂಡು ಅತ್ತೆ ಹೌಹಾರಿದರು. ಹಲಗೆಯಾದರೆ ಇಲ್ಲಿಂದ ಅಲ್ಲಿಗೆ ಎತ್ತಿಕೊಂಡು ಹೋಗಬಹುದು. ಒಂದೇ ಬಣ್ಣದ ಎರಡು ಹಲಗೆಗಳನ್ನು ಮೂಲೆಯಲ್ಲಿ ಸೇರಿಸಿ ನಿಲ್ಲಿಸಿದರೆ ಗೋಡೆಗಳು ಒಂದಕ್ಕೊಂದು ಎರಚುವುದೂ ಗೊತ್ತಾಗುತ್ತದೆ. ನೆಲಕ್ಕೆ ತಾಗಿಸಿ ಒಮ್ಮೆ, ಬಾಗಿಲ ಚೌಕಟ್ಟಿಗೆ ತಾಗಿಸಿ ಒಮ್ಮೆ. ಮಲಗಿಸಿ ನೋಡಬೇಡಿ, ಗೋಡೆ ನಿಂತಿರುತ್ತದೆ.

ನಾನು ತಡವಾಗಿ ಕಲಿತದ್ದೊಂದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಯಾವುದು ಏನು ಹೊಡೆಯುತ್ತದೆ ಎಂದು ತಿಳಿಯುವುದಕ್ಕೆ ಮಾತ್ರ. ಆರಿಸುವುದಕ್ಕೆ ಅದು ಒಳ್ಳೆಯ ದಾರಿಯಲ್ಲ. ಪಕ್ಕದಲ್ಲಿ ವಿಭೂತಿ ಇದ್ದಾಗ ಕೆನೆ ಇರುವುದಕ್ಕಿಂತ ಹಳದಿಯಾಗಿ ಕಾಣುತ್ತದೆ, ಪಕ್ಕದಲ್ಲಿ ಕೆನೆ ಇದ್ದಾಗ ವಿಭೂತಿ ಇರುವುದಕ್ಕಿಂತ ಕೊಳಕಾಗಿ. ಆಮೇಲೆ ನೀವು ಬದುಕುವುದು ಒಂದರ ಜೊತೆಗಷ್ಟೇ. ಹಾಗಾಗಿ ಒಂದು ದಿನ ಪೂರ್ತಿ ಕೋಣೆಯಲ್ಲಿ ಕೆನೆ ಮಾತ್ರ, ಮರುದಿನ ಪೂರ್ತಿ ವಿಭೂತಿ ಮಾತ್ರ. ಬೆಳಿಗ್ಗೆ ಏಳು, ಮಧ್ಯಾಹ್ನ, ಸಂಜೆ ಐದು, ರಾತ್ರಿ ಎಂಟು. ಯಾವ ಹೊತ್ತಿಗೆ ನೀವು ಆ ಕೋಣೆಯಲ್ಲಿ ಹೆಚ್ಚು ಇರುತ್ತೀರೋ ಆ ಹೊತ್ತಿನ ಮಾತಿಗೆ ಬೆಲೆ ಹೆಚ್ಚು ಕೊಡಿ.

ಫೋಟೊ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ ವೋಟು ಕೇಳಬೇಡಿ. ಫೋನಿನ ಕ್ಯಾಮೆರಾ ಬಿಳಿಯನ್ನು ತನ್ನ ಲೆಕ್ಕದಲ್ಲಿ ಸರಿಮಾಡಿಬಿಡುತ್ತದೆ. ನಾನು ಹಾಕಿದ್ದೆ. ಹುಬ್ಬಳ್ಳಿಯ ಚಿಕ್ಕಪ್ಪ ಎರಡಕ್ಕೂ ಹೆಬ್ಬೆರಳೆತ್ತಿದರು.

ಇಷ್ಟೆಲ್ಲ ಖರ್ಚೇ ಅಂದರೆ, ಲೆಕ್ಕ ಹಾಕಿ ನೋಡಿ. ಹತ್ತು ಅಡಿ ಎತ್ತರದ 10×12ರ ಕೋಣೆಗೆ ಗೋಡೆ 440 ಚದರಡಿ, ಬಾಗಿಲು ಕಿಟಕಿ ಕಳೆದರೆ ಸುಮಾರು 400. ಪುಟ್ಟಿ ಹಾಕಿ ನಯಗೊಳಿಸಿದ ಗೋಡೆಗೆ ಒಳ್ಳೆಯ ಎಮಲ್ಷನ್ ಎರಡು ಕೋಟ್ ಹಚ್ಚಿದರೆ ಲೀಟರಿಗೆ 130 ಚದರಡಿಯ ಆಸುಪಾಸು ಬರುತ್ತದೆ, ಅಂದರೆ ಮೂರು ಲೀಟರಿಗೆ ಸ್ವಲ್ಪ ಮೇಲೆ. ಬಣ್ಣ ತಪ್ಪಾದರೆ ಅಷ್ಟೂ ಮತ್ತೆ ಕೊಳ್ಳಬೇಕು, ಕೂಲಿ ಮತ್ತೆ, ಸಾಮಾನು ಹೊರಗೆ ಒಳಗೆ ಎಳೆದಾಡುವುದು ಮತ್ತೆ. ಅದರ ಮುಂದೆ ಎರಡು ಸಣ್ಣ ಸ್ಯಾಂಪಲ್ ಡಬ್ಬ ಏನೂ ಅಲ್ಲ. ಸ್ಯಾಂಪಲ್ ಸಿಗದಿದ್ದರೆ ಒಂದೊಂದು ಲೀಟರ್ ಮಾಡಿಸಿ. ಆರಿಸಿದ್ದು ಗೋಡೆಗೇ ಹೋಗುತ್ತದೆ, ಬಿಟ್ಟದ್ದನ್ನು ಅಟ್ಟದ ಒಳಗಿಗೋ ಮೆಟ್ಟಿಲ ಕೆಳಗಿಗೋ ಹಚ್ಚಿದರಾಯಿತು.

ಕೋಣೆಗೊಂದು ಮಾತು

ಅಡುಗೆಮನೆಗೆ ನಾನು ಎರಡು ಸಲ ಯೋಚಿಸದೆ ಕೆನೆ ಅನ್ನುತ್ತೇನೆ. ಒಗ್ಗರಣೆಯ ಹೊಗೆ, ಎಣ್ಣೆಯ ಜಿಡ್ಡು, ಅರಿಶಿನದ ಕೈ, ಎಲ್ಲವೂ ಹಳದಿ ಕಡೆಯ ಕೊಳೆ. ಕೆನೆಯಲ್ಲಿ ಅವು ಒಂದಾಗಿ ಹೋಗುತ್ತವೆ, ವಿಭೂತಿಯಲ್ಲಿ ಎದ್ದು ಕಾಣುತ್ತವೆ. ಮ್ಯಾಟ್ ಬೇಡ, ಒರೆಸಬಹುದಾದ ತುಸು ಹೊಳಪಿನದು ಇರಲಿ. ದೇವರ ಮನೆಗೂ ಕೆನೆಯೇ, ದೀಪದ ಬೆಳಕು ಅದರ ಮೇಲೆ ಬಂಗಾರವಾಗಿ ಕೂರುತ್ತದೆ. ವಿಭೂತಿ ಅಂತ ಹೆಸರಿಟ್ಟ ಬಣ್ಣ ದೇವರ ಮನೆಗೇ ಬೇಡವಾದದ್ದು ಅತ್ತೆಗೆ ದೊಡ್ಡ ತಮಾಷೆ.

ರಸ್ತೆಗೆ ತೆರೆದ ಕೋಣೆಗಳಲ್ಲಿ ಧೂಳಿನ ಬಣ್ಣ ನೋಡಿ. ಕೋಲಾರ, ಮೈಸೂರಿನ ಕೆಂಪು ಮಣ್ಣಿನ ಧೂಳು ಕೆನೆಯಲ್ಲಿ ಅಡಗುತ್ತದೆ. ಗದಗ, ಧಾರವಾಡದ ಎರೆಮಣ್ಣಿನ ಧೂಳಿಗೆ, ಪೇಟೆಯ ವಾಹನದ ಹೊಗೆಗೆ ವಿಭೂತಿ ವಾಸಿ.

ಎರಡನ್ನೂ ಒಂದೇ ಮನೆಯಲ್ಲಿ ಹಚ್ಚಬಹುದೇ? ಹಚ್ಚಬಹುದು, ನಾವು ಹಚ್ಚಿದ್ದೇವೆ: ಕೆಂಪು ನೆಲದ ಹಜಾರಕ್ಕೆ ವಿಭೂತಿ, ಉತ್ತರದ ಮಲಗುವ ಕೋಣೆಗೂ ಅಡುಗೆಮನೆಗೂ ಕೆನೆ. ನಡುವೆ ಬಾಗಿಲ ಚೌಕಟ್ಟು ಇರಲೇಬೇಕು. ಕಮಾನಿನಂಥ ತೆರೆದ ಜಾಗದಲ್ಲಿ, ಒಂದೇ ಗೋಡೆಯ ಮಧ್ಯದಲ್ಲಿ ಎರಡೂ ಮುಖಾಮುಖಿಯಾದರೆ ನೋಡಿದವರಿಗೆ ಎರಡು ಬಣ್ಣ ಅನಿಸುವುದಿಲ್ಲ, ಡಬ್ಬ ಸಾಲದೆ ಬೇರೆ ತಂದರು ಅನಿಸುತ್ತದೆ. ಹಾಲ್, ಊಟದ ಜಾಗ, ಅಡುಗೆಮನೆ ಎಲ್ಲ ಒಂದೇ ಬಯಲಾಗಿರುವ ಫ್ಲಾಟಿನಲ್ಲಿ ಒಂದನ್ನೇ ಹಿಡಿಯಿರಿ. ನನ್ನ ಮಟ್ಟಿಗೆ ಅಲ್ಲಿ ಬಲ್ಬು ನೋಡಿ ತೀರ್ಮಾನ ಮಾಡುವುದು ಸರಿ.

ಇನ್ನು ಕೊಳ್ಳುವುದು. ಬೇಕಾದಷ್ಟನ್ನೂ ಒಂದೇ ಸಲ ಟಿಂಟ್ ಮಾಡಿಸಿ. ಇಂಥ ಬಿಳಿಗಳಲ್ಲಿ ಬೆರೆಯುವ ಬಣ್ಣ ಕೆಲವೇ ಹನಿಗಳಷ್ಟು, ಒಂದು ಹನಿ ಹೆಚ್ಚುಕಡಿಮೆಯಾದರೂ ಡಬ್ಬದಿಂದ ಡಬ್ಬಕ್ಕೆ ತೋರುತ್ತದೆ. ನಮ್ಮ ಮೇಸ್ತ್ರಿ ಒಂದು ಕೋಣೆಯ ಡಬ್ಬಗಳನ್ನೆಲ್ಲ ದೊಡ್ಡ ಡ್ರಮ್ಮಿಗೆ ಸುರಿದು ಕಲಸಿಯೇ ಶುರು ಮಾಡಿದರು. ಬಣ್ಣ ಸಾಲದೆ ಹೋದರೆ ಗೋಡೆಯ ಮಧ್ಯೆ ನಿಲ್ಲಿಸದೆ ಮೂಲೆಗೆ ಬಂದು ನಿಲ್ಲಿಸಬೇಕು, ಮೂಲೆಯಲ್ಲಿ ವ್ಯತ್ಯಾಸ ಮುಚ್ಚಿಹೋಗುತ್ತದೆ. ಮುಚ್ಚಳಗಳ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ 'ಕೆ', 'ವಿ' ಅಂತ ಬರೆದಿಟ್ಟೆ. ಹಾಗೆ ಬರೆಯದಿದ್ದರೆ ತೆರೆದ ಎರಡು ಡಬ್ಬಗಳ ಮುಂದೆ ನಿಂತು ಯಾವುದು ಯಾವುದೆಂದು ಹೇಳಲು ಮೇಸ್ತ್ರಿಗೂ ಆಗುತ್ತಿರಲಿಲ್ಲ. ಉಳಿದ ಅರ್ಧ ಲೀಟರನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಕೋಡು, ತಾರೀಕು, ಕೋಣೆಯ ಹೆಸರು ಬರೆದು ಮೆಟ್ಟಿಲ ಕೆಳಗೆ ಇಟ್ಟಿದ್ದೇವೆ. ಮೊಳೆ ಹೊಡೆದ ತೂತು ಮುಚ್ಚುವುದಕ್ಕೆ ಇಷ್ಟು ಬೇಕಾಗುತ್ತದೆ.